ವಿಜಯಪುರದಲ್ಲಿ ಎರಡು ದಿನ

ಸ್ಮರಣ ಸಂಚಿಕೆಗಾಗಿ ಷಟ್ಪದಿಯ ಲಕ್ಷಣವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದ್ದರು. ಬರೆಯಲು ಕುಳಿತದ್ದೂ ಉಂಟು. ಆದರೆ ಲೇಖನಿ ಬೇರೆಯ ದಾರಿಯನ್ನೇ ಹಿಡಿಯಿತು. ಕಳೆದ ಮಾಗಿಯಲ್ಲಿ ನಾನೂ ನನ್ನ ಸಹಧರ್ಮಿಣಿಯೂ ವಿಜಯಪುರದಲ್ಲಿ ಕಳೆದ ಎರಡು ದಿನಗಳ ವೃತ್ತಾಂತವಿದು. ಕೊನೆಯಲ್ಲಿ ಷಟ್ಪದಿಯೂ ಬಂದು ಸೇರಿಕೊಳ್ಳುವುದರಿಂದ ಸಂಪಾದಕರು ಕ್ಷಮಿಸುವರೆಂದು ನಂಬಿದ್ದೇನೆ.

ನಮ್ಮ ವಿವಾಹವಾಗಿ ಇಪ್ಪತ್ತೊಂಬತ್ತು ವರ್ಷಗಳಾದವು. ಈ ಅವಧಿಯಲ್ಲಿ ನಾವಿಬ್ಬರೂ ಕೂಡಿ ಹೋದುದು ನೆಂಟರ ಮದುವೆಗಳಿಗೆ, ಜಾತ್ರೆಗಳಿಗೆ, ಒಂದೆರಡು ಬಾರಿ ಆಸ್ಪತ್ರೆಗೆ. ಊರು ನೋಡಲೆಂದೇ ಹೋದುದಿಲ್ಲ. ಶಾಲೆಯ ಮಕ್ಕಳೊಡನೆ ಪ್ರವಾಸಕ್ಕಾಗಿ ವಿಜಯಪುರಕ್ಕೆ ನಾನು ಎರಡು ಸಲ ಹೋಗಿದ್ದೆನಾದರೂ, ಮಕ್ಕಳ ತಲೆಯೆಣಿಸುವುದರಲ್ಲಿಯೇ ಹೊತ್ತು ಕಳೆದು, ಗುಮ್ಮಟದ ತಲೆಯನ್ನು ನೋಡಲು ಬಿಡುವಿರಲಿಲ್ಲ. ಮಗಳು ಗಂಡನ ಮನೆಗೂ ಮಗ ಉದ್ಯೋಗಕ್ಕೂ ಹೋದ ಮೇಲೆ ಒಂದು ಸಂಜೆ ಆಕೆ, “ಊರವರ ಮಕ್ಕಳಿಗೆಲ್ಲ ತೋರಿಸಿ ಬಂದಿರಿ. ನನಗೂ ಒಂದು ಸಲ ತೋರಿಸಬಾರದೆ?” ಎಂದಳು. ಉತ್ತರಕ್ಕೆ ಬದಲಾಗಿ ರೈಲಿನ ಟಿಕೇಟನ್ನೇ ತಂದೆ.

ಗೋಳಗುಮ್ಮಟದ ಹೆಸರನ್ನೇ ಹೊತ್ತ ರೈಲಿನಲ್ಲಿ ರಾತ್ರಿಯೆಲ್ಲ ಪಯಣಿಸಿ ಮುಂಜಾನೆ ಇಳಿದೆವು. ನಾನು ಓದಿದ ಪುಸ್ತಕಗಳಲ್ಲಿ ಅದು ಬಿಜಾಪುರ. 2014ರ ನವೆಂಬರ್ 1ರಿಂದ ವಿಜಯಪುರ. ಹೆಸರು ಏನೇ ಇರಲಿ, ನಿಲ್ದಾಣದ ಸಮೀಪದಲ್ಲಿಯೇ ಗುಮ್ಮಟವು ಮಂಜಿನಲ್ಲಿ ಮೈದೋರಿ ನಿಂತಿತ್ತು.

ಜನ ಸೇರುವ ಮುನ್ನವೇ ನೋಡಬೇಕೆಂದು ಮೊದಲು ಅಲ್ಲಿಗೇ ಹೋದೆವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯದು. ಸುಮಾರು 44 ಮೀಟರು ವ್ಯಾಸದ ಆ ಗುಮ್ಮಟಕ್ಕೆ ಒಳಗೆ ಒಂದು ಕಂಬದ ಆಸರೆಯೂ ಇಲ್ಲ. ಒಂದನ್ನೊಂದು ಹಾದುಹೋಗುವ ಕಮಾನುಗಳೇ ಅದರ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಕಡಿದಾದ ಮೆಟ್ಟಿಲುಗಳನ್ನು ಏರುವಾಗ ಮೊಣಕಾಲು ನೋವಿನ ನೆಪದಿಂದ ಆಕೆ ಮೂರು ಕಡೆ ಕುಳಿತಳು. ನನಗೂ ಕುಳಿತುಕೊಳ್ಳಬೇಕಾಗಿತ್ತು, ನೆಪ ಮಾತ್ರ ಆಕೆಯದಾಯಿತು.

ಪಿಸುಮಾತಿನ ಮೊಗಸಾಲೆಯಲ್ಲಿ ಆಕೆಯನ್ನು ಒಂದು ಬದಿಯಲ್ಲಿ ಕುಳ್ಳಿರಿಸಿ ನಾನು ಎದುರು ಬದಿಗೆ ಹೋದೆ. ಗೋಡೆಗೆ ಬಾಯಿಟ್ಟು ಏನಾದರೂ ಹೇಳಬೇಕು. ಮೂವತ್ತು ವರ್ಷಗಳ ಅಭ್ಯಾಸಬಲ. ಬಾಯಿಂದ ಬಂದದ್ದು ಒಂದು ವಾರ್ಧಕ ಷಟ್ಪದಿ! ಆಕೆ ನಕ್ಕಳು, ನಗು ನನ್ನ ಕಿವಿಯ ಬಳಿಯೇ ಕೇಳಿಸಿತು. ಬಳಿಕ ಆಕೆಯೂ ಗೋಡೆಯ ಕಡೆಗೆ ಬಾಗಿ ಏನೋ ಹೇಳತೊಡಗಿದಳು. ಅಷ್ಟರಲ್ಲಿ ಶಾಲೆಯೊಂದರ ಮಕ್ಕಳ ದಂಡು ಮೇಲೇರಿ ಬಂದಿತು. ಕೂಗು, ಕೇಕೆ, ಸಿಳ್ಳು. ಪ್ರತಿಯೊಂದೂ ಹಲವು ಪಟ್ಟಾಗಿ ಮರಳಿ ಬಂದು ಆಕೆಯ ಮಾತನ್ನು ನುಂಗಿಬಿಟ್ಟಿತು. “ಏನೆಂದೆ?” ಎಂದು ಕೇಳಿದೆ. “ಈ ಗದ್ದಲದಲ್ಲಿ ಬೇಡ, ಆಮೇಲೆ ಹೇಳುತ್ತೇನೆ” ಎಂದಳು.

ಮಧ್ಯಾಹ್ನದ ಊಟ ಒಂದು ಖಾನಾವಳಿಯಲ್ಲಿ. ರಾಗಿಯ ಮುದ್ದೆಯ ಸೀಮೆಯವರಾದ ನಮಗೆ ಬಿಳಿಜೋಳದ ಬಿಸಿರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿಮೊಸರು ಇವೆಲ್ಲ ಹಬ್ಬದಡಿಗೆಯಂತೆ ಕಂಡವು. ಒಳಗೆ ರೊಟ್ಟಿ ಬಡಿಯುವ ಸದ್ದು ತಾಳ ತಪ್ಪದೆ ಕೇಳುತ್ತಿತ್ತು. “ಯಾಕ್ರೀ ಅಕ್ಕಾರ, ಒಂದ ರೊಟ್ಟಿಗೆ ಸಾಕಂದ್ರ ಹೆಂಗ್ರಿ? ಉಣ್ರಿ” ಎಂದು ಬಡಿಸುವ ತಾಯಿ ಒತ್ತಾಯ ಮಾಡಿದರು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ನನ್ನ ಮನೆಯಾಕೆಗೆ, ಮತ್ತೊಬ್ಬರು ನಿಂತು ಬಿಸಿಬಿಸಿಯಾಗಿ ಬಡಿಸಿದುದು ಎಷ್ಟು ಅಪರೂಪವೆಂಬುದನ್ನು ಆಕೆಯ ಮುಖವೇ ಹೇಳುತ್ತಿತ್ತು. ನಾಲ್ಕನೆಯ ರೊಟ್ಟಿಯನ್ನೂ ಬೇಡವೆನ್ನಲಿಲ್ಲ. ಶೇಂಗಾ ಹೋಳಿಗೆಯನ್ನು ಮಾತ್ರ ಇಬ್ಬರೂ ಹಂಚಿಕೊಂಡೆವು.

ಸಂಜೆ ಬಾರಾ ಕಮಾನಿಗೆ ಹೋದೆವು. ಎರಡನೆಯ ಅಲಿ ಆದಿಲ್ ಶಾಹನು ತನಗಾಗಿ ಕಟ್ಟಿಸಲಾರಂಭಿಸಿ ಪೂರೈಸದೆಯೇ 1672ರಲ್ಲಿ ಕಾಲವಶನಾದ ಸಮಾಧಿಯದು. ಕಪ್ಪುಕಲ್ಲಿನ ಕಮಾನುಗಳು ಚಾವಣಿಯಿಲ್ಲದೆ ಬಾನಿಗೆ ತೆರೆದುಕೊಂಡು ನಿಂತಿವೆ. “ಮುಗಿಯದೆ ಇದ್ದರೂ ಚೆನ್ನಾಗಿಯೇ ಇದೆ” ಎಂದಳು ಆಕೆ. ಹುಲ್ಲಿನ ಮೇಲೆ ಕುಳಿತು ಕತ್ತಲಾಗುವವರೆಗೂ ಮಾತನಾಡಿದೆವು.

ಮರುದಿನ ಭಾನುವಾರ ಟಾಂಗಾ ಏರಿ ಇಬ್ರಾಹಿಂ ರೋಜಾಕ್ಕೆ ಹೋದೆವು. ಒಂದೇ ಜಗಲಿಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ. ಗೋಳಗುಮ್ಮಟದಲ್ಲಿ ಗಾತ್ರವಾದರೆ ಇಲ್ಲಿ ಕುಸುರಿ. 1627ರಲ್ಲಿ ಗತಿಸಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ಜಗದ್ಗುರುವೆನಿಸಿಕೊಂಡ ಸಂಗೀತಪ್ರಿಯ; ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ಇದನ್ನೆಲ್ಲ ನಾನು ಆಕೆಗೆ ಪಾಠದಂತೆ ವಿವರಿಸುತ್ತಿದ್ದೆ. ಆಕೆಯ ಕಣ್ಣು ಕಿಟಕಿಗಳ ಕಲ್ಲಿನ ಜಾಲರಿಯ ಮೇಲಿತ್ತು. ಅಕ್ಷರಗಳನ್ನೇ ಹೆಣೆದು ಮಾಡಿದ ಜಾಲರಿಯದು. ಅಕ್ಷರಗಳ ಸಂದಿನಿಂದಲೇ ಬೆಳಕು ಒಳಗೆ ಬರುತ್ತದೆ.

“ಇಲ್ಲಿ ಏನು ಬರೆದಿದೆ? ಓದಿ ಹೇಳಿ” ಎಂದಳು.

ಅರಬ್ಬಿ ಲಿಪಿ. ನನಗೆ ಒಂದಕ್ಷರವೂ ಬಾರದು. ಹಳಗನ್ನಡದ ಶಾಸನಗಳನ್ನು ಓದಿದವನು, ಕೇಶಿರಾಜನ ಸೂತ್ರಗಳನ್ನು ಕಂಠಪಾಠ ಮಾಡಿದವನು, ಆ ಗೋಡೆಯ ಮುಂದೆ ನಿರಕ್ಷರಿಯಾಗಿ ನಿಂತೆ. “ಬರುವುದಿಲ್ಲ. ನೋಡಲು ಸೊಗಸಾಗಿದೆ, ಅಷ್ಟೆ” ಎಂದೆ.

ಆಕೆ ತುಸು ಹೊತ್ತು ಸುಮ್ಮನಿದ್ದು, “ನಿಮ್ಮ ಪುಸ್ತಕದ ಕಪಾಟನ್ನು ಒರೆಸುವಾಗಲೆಲ್ಲ ನನಗೂ ಹೀಗೆಯೇ ಆಗುತ್ತದೆ” ಎಂದಳು. “ಅಕ್ಷರ ಕನ್ನಡದ್ದೇ, ಅರ್ಥ ಮಾತ್ರ ಆಗುವುದಿಲ್ಲ. ನಿನ್ನೆ ಗುಮ್ಮಟದಲ್ಲಿ ಹೇಳಹೊರಟದ್ದೂ ಅದನ್ನೇ. ಆ ಪದ್ಯ ಎಷ್ಟೋ ಸಲ ಕೇಳಿದ್ದೇನೆ. ಅದರ ಅರ್ಥವನ್ನು ನನಗೆ ಒಂದು ಸಲವಾದರೂ ಹೇಳಬಾರದಿತ್ತೆ?”

ಆಕೆ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ನಾನು ಪಾಠದ ಸಿದ್ಧತೆಗೆಂದು ಗಟ್ಟಿಯಾಗಿ ಓದುತ್ತಿದ್ದ ಪದ್ಯಗಳು ಅಡಿಗೆಮನೆಗೆ ಕೇಳುತ್ತಿದ್ದವೆಂಬುದು ನನಗೆ ಗೊತ್ತಿತ್ತು. ಅಲ್ಲಿ ಅವುಗಳಿಗಾಗಿ ಕಿವಿಯೊಂದು ಕಾಯುತ್ತಿತ್ತೆಂಬುದು ಗೊತ್ತಿರಲಿಲ್ಲ. ಸಾವಿರಾರು ಮಕ್ಕಳಿಗೆ ಅರ್ಥ ಹೇಳಿದ ನಾನು ಮನೆಯೊಳಗೆ ಬರಿಯ ಸದ್ದನ್ನಷ್ಟೇ ಕೊಟ್ಟಿದ್ದೆ.

ತಾಜ್ ಬಾವಡಿಯನ್ನೂ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನೂ ನೋಡಿದೆವು. ಆದರೆ ನನ್ನ ಮನಸ್ಸು ಇದೇ ಊರಿನಲ್ಲಿ ಬಾಳಿದ ಫ.ಗು. ಹಳಕಟ್ಟಿಯವರ ಕಡೆಗೆ ಹರಿದಿತ್ತು. ವಕೀಲರಾಗಿದ್ದ ಅವರು ಮನೆಮನೆಯ ತಾಡವಾಲೆಗಳನ್ನು ಅರಸಿ, ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ತಮ್ಮದೇ ಮುದ್ರಣಾಲಯವನ್ನು ನಡೆಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ಜಗಲಿಯ ಮೇಲೆ ಗಂಟು ಕಟ್ಟಿ ಪೂಜಿಸುತ್ತಿದ್ದ ಓಲೆಗಳನ್ನು ಬಿಚ್ಚಿ ಓದುವವರ ಕೈಗೆ ಕೊಟ್ಟ ಪುಣ್ಯಾತ್ಮರವರು. ನನ್ನ ಕಪಾಟಿನ ಗಂಟನ್ನು ನಾನು ಬಿಚ್ಚಿರಲಿಲ್ಲ.

ಸಂಜೆಯ ರೈಲಿಗೆ ಮುನ್ನ ಒಣದ್ರಾಕ್ಷಿಯನ್ನೂ ಖಡಕ್ ರೊಟ್ಟಿಯ ಕಟ್ಟೊಂದನ್ನೂ ಕೊಂಡೆವು. ರೊಟ್ಟಿ ಮುಗಿದು ಬಹಳ ದಿನಗಳಾದವು. ಆದರೆ ಊರಿಗೆ ಮರಳಿದ ಮರುದಿನದಿಂದ, ರಾತ್ರಿ ಊಟವಾದ ಬಳಿಕ, ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನು ದಿನಕ್ಕೆ ಎರಡು ಷಟ್ಪದಿಗಳಂತೆ ಓದುತ್ತಿದ್ದೇವೆ. ಮೊದಲು ಆಕೆ ಓದಬೇಕು. ಆಮೇಲೆ ಪದವಿಭಾಗ, ಆಮೇಲೆ ಅರ್ಥ. ಆಕೆಗೆ ಅವಸರವಿಲ್ಲ, ಈಗ ನನಗೂ ಇಲ್ಲ.

ಮೊನ್ನೆ ಆಕೆ ಒಂದು ಪ್ರಶ್ನೆ ಕೇಳಿದಳು: “ರಾಜ್ಯವನ್ನು ಬಿಟ್ಟುಕೊಡುವಾಗ ಹರಿಶ್ಚಂದ್ರ ಚಂದ್ರಮತಿಯನ್ನು ಒಂದು ಮಾತು ಕೇಳಿದನೆ?” ಇಷ್ಟು ವರ್ಷ ಈ ಕಾವ್ಯವನ್ನು ಬೋಧಿಸಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮರುದಿನ ಹತ್ತನೆಯ ತರಗತಿಯಲ್ಲಿ ಅದನ್ನೇ ಮಕ್ಕಳ ಮುಂದಿಟ್ಟೆ. ಘಂಟೆ ಬಾರಿಸಿದರೂ ಚರ್ಚೆ ನಿಲ್ಲಲಿಲ್ಲ. “ಈ ಪ್ರಶ್ನೆ ಯಾವ ಪುಸ್ತಕದಲ್ಲಿದೆ, ಗುರುಗಳೇ?” ಎಂದು ಒಬ್ಬ ಹುಡುಗಿ ಕೇಳಿದಳು.

ಪುಸ್ತಕದಲ್ಲಿಲ್ಲವಮ್ಮ, ನಮ್ಮ ಮನೆಯಲ್ಲಿದೆ ಎಂದೆ.