ಸುಣ್ಣ ಹಚ್ಚುವವನ ಕಂಬಳಿ

ನಮ್ಮ ಗಜೇಂದ್ರಗಡದ ಹತ್ತಿರ ಗುಡ್ಡದಲ್ಲಿ ಕಾಲಕಾಲೇಶ್ವರನ ಗುಡಿ ಇದೆ. ಅಲ್ಲಿನ ಅಂತರಗಂಗೆ ನೋಡೋಕೆ ದೂರದಿಂದ ಜನ ಬರ್ತಾರೆ. ನನಗೆ ಮಾತ್ರ ಯುಗಾದಿಯ ಕತೆಯೇ ಇಷ್ಟ. ಹಬ್ಬದ ಹಿಂದಿನ ರಾತ್ರಿ ಗುಡಿಯಲ್ಲಿ ಸುಣ್ಣ, ಸುರಕಿ ಬಣ್ಣ, ಕತ್ತಾಳಿ ನಾರಿನ ಕುಂಚ ಇಡ್ತಾರೆ. ಜೊತೆಗೆ ಸೇದೋಕೆ ಹುಕ್ಕಾಬತ್ತಿ, ಮಲಗೋಕೆ ಕಂಬಳಿ. ಬೆಳಗಾಗೋದ್ರೊಳಗೆ ಗುಡಿಗೆ ತಾನಾಗಿಯೇ ಸುಣ್ಣ ಹಚ್ಚಿರುತ್ತೆ ಅನ್ನೋದು ಊರವರ ನಂಬಿಕೆ. ರಾತ್ರಿ ಪಾಳಿಯಲ್ಲಿ ದುಡಿಯೋ ನಮ್ಮಂಥವರಿಗೆ ಈ ದೇವರು ಬೇಗ ಅರ್ಥವಾಗ್ತಾನೆ.

ನನಗಾಗ ಹದಿನಾರು. ಅಪ್ಪನ ಕಾಲು ಮುರಿದು, ಸುಣ್ಣ, ನೀಲಿ, ಕುಂಚ, ಮೊಳೆ ಮಾರುವ ಅಂಗಡಿ ನನ್ನ ಪಾಲಿಗೆ ಬಂದಿತ್ತು. ಯುಗಾದಿ ಹದಿನೈದು ದಿನ ಇದೆ ಅನ್ನುವಾಗ ನರಗುಂದದ ಕಡೆಯ ಹಿರಿಯರೊಬ್ಬರು ಬಂದು, ‘ಕೆಲಸ ಐತೇನು ತಮ್ಮಾ?’ ಅಂದರು. ಹೆಸರು ಕೇಳಿದರೆ, ‘ಕಾಕಾ ಅನ್ನು, ಸಾಕು.’

ಹರಳು ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತೆ. ‘ಮಾರಿ ಬಗ್ಗಸಬ್ಯಾಡ, ಕಣ್ಣು ಹೋಗ್ತಾವ’ ಅಂತ ಮೊದಲ ದಿನವೇ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ರಾತ್ರಿಯಿಡೀ ನೆನೆಸಬೇಕು, ಬಟ್ಟೆಯಲ್ಲಿ ಸೋಸಬೇಕು, ಗೋಡೆಗೆ ಹಿಡಿಯೋಕೆ ಗೋಂದು, ಬಿಳುಪಿಗೆ ಚಿಟಿಕೆ ನೀಲಿ. ಗಿರಾಕಿಗಳಿಗೆಲ್ಲ ಇದನ್ನು ಹೇಳಿಯೇ ಕಳಿಸ್ತಿದ್ದರು. ಬರೆಯಲು ಬರ್ತಿರಲಿಲ್ಲ, ಆದರೆ ಯಾರ ಉದ್ರಿ ಎಷ್ಟು ಅನ್ನೋದು ಬಾಯಿಪಾಠ. ಆಗ ನಮ್ಮ ತಾಲೂಕು ರೋಣ. ಕಾಗದಪತ್ರಕ್ಕೆ ನಾನು ಅಲ್ಲಿಗೆ ಹೋದ ದಿನ ಅಂಗಡಿ ಕೀಲಿ ಅವರ ಕೈಲಿತ್ತು. ಅವ್ವನಿಗೆ ದಿನವಿಡೀ ಗಾಬರಿ. ಸಂಜೆ ಎಣಿಸಿದರೆ ಒಂದು ರೂಪಾಯಿಯೂ ಹೆಚ್ಚುಕಮ್ಮಿ ಇರಲಿಲ್ಲ.

ಉಗುರಲ್ಲಿ ಸದಾ ಸುಣ್ಣ, ಬಾಯಲ್ಲಿ ಬೀಡಿ, ರಾತ್ರಿ ಅಂಗಡಿ ಕಟ್ಟೆ ಮೇಲೆ ನಿದ್ದೆ. ನನ್ನ ತಲೆಯಲ್ಲಿ ಅನುಮಾನ ಶುರುವಾಯ್ತು.

‘ಕಾಕಾ, ಗುಡಿಗೆ ಸುಣ್ಣ ಹಚ್ಚಾವ್ರು ನೀವ ಏನ್ರೀ?’

ಜೋರಾಗಿ ನಕ್ಕರು. ‘ಅಂವಗ ಹುಕ್ಕಾ, ಕಂಬಳಿ ಎಲ್ಲಾ ಮೊದಲ ಇಟ್ಟಿರ್ತಾರ. ನಾ ಅಂವ ಆಗಿದ್ರ ಮುಂಗಡ ಕೇಳಬೇಕಾಗ್ತಿತ್ತೇನು?’

ನನಗೆ ನಗು ಬರಲಿಲ್ಲ. ಮಗಳ ಬಾಣಂತನಕ್ಕೆ ಅಂತ ಅವರು ಎರಡು ಸಲ ಕೇಳಿದ್ದರು. ‘ಹಬ್ಬ ಆಗಲಿ’ ಅಂದಿದ್ದ ಅಪ್ಪ. ಆ ರಾತ್ರಿ ಅಪ್ಪನ ಮಂಚದ ಪಕ್ಕ ಕೂತು ಕಾಕಾನ ಮಾತನ್ನು ಹಾಗೇ ಹೇಳಿದೆ. ಅಪ್ಪ ಬಹಳ ಹೊತ್ತು ಸೂರು ನೋಡಿದ. ಬೆಳಿಗ್ಗೆ ಗಲ್ಲಾಪೆಟ್ಟಿಗೆ ಕೀಲಿ ಕೊಟ್ಟು, ‘ಪೂರ್ತಿ ಕೊಡು. ಮನ್ಯಾಗಿನ ಕಂಬಳಿನೂ ಕೊಡು’ ಅಂದ.

ಯುಗಾದಿ ದಿನ ನಸುಕಿನಲ್ಲೇ ಕಾಕಾ ನರಗುಂದದ ಬಸ್ಸು ಹಿಡಿದಿದ್ದರು. ನಾವೆದ್ದು ನೋಡಿದರೆ ಅಂಗಡಿ ಗೋಡೆ ಬೆಳ್ಳಗಿತ್ತು. ಬುಡದ ಕೆಮ್ಮಣ್ಣಿನ ಪಟ್ಟಿ ಮಾತ್ರ ಬಾಕಿ. ನಾಲ್ಕು ದಿನ ಬಿಟ್ಟು ಬಂದು ಅದನ್ನೂ ಎಳೆದರು. ಆಮೇಲೆ ಆರು ವರ್ಷ ನಮ್ಮಲ್ಲೇ ಇದ್ದರು. ಮುಂಗಡವನ್ನು ಎರಡನೇ ಸಲ ಕೇಳುವ ಪ್ರಸಂಗ ಬರಲಿಲ್ಲ.