ಒಪ್ಪಿಗೆ ಯಾವ ಭಾಷೆಯಲ್ಲಿ?

ಪುಣೆಯ ನಮ್ಮ ಮನೆಗೆ ಅಮ್ಮನ ಔಷಧಿ ಬರುವುದು ಮೊಬೈಲ್ ಮೂಲಕ. ಪರದೆ ತುಂಬ ಇಂಗ್ಲಿಷ್ ಷರತ್ತುಗಳು. ಕೆಳಗೆ ‘ಐ ಅಗ್ರೀ’. ಅಮ್ಮ ಒತ್ತುತ್ತಾಳೆ. ಹೆಸರು, ವಿಳಾಸ, ಕಾಯಿಲೆ ಎಲ್ಲವೂ ಹೋಗುತ್ತದೆ. ಅವಳು ಓದಬಲ್ಲದ್ದು ಕನ್ನಡ, ಅಷ್ಟಿಷ್ಟು ಮರಾಠಿ. ಓದಲಾಗದ್ದಕ್ಕೆ ಒತ್ತಿದ್ದು ಒಪ್ಪಿಗೆ ಹೇಗಾದೀತು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಆಧಾರ್ ಪ್ರಶ್ನಿಸಿ 2012ರಲ್ಲಿ ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಯಾವ ಮಾಹಿತಿ ಯಾತಕ್ಕೆ ಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಆಯ್ಕೆ ಕೊಡಬೇಕೆನ್ನುತ್ತದೆ.

ಇರುವ ಊರು ಯಾವುದಾದರೂ ಆ ಆಯ್ಕೆ ಅಮ್ಮನದೇ. ನಾವು ಕನ್ನಡದಲ್ಲಿ ಕೇಳದಿದ್ದರೆ ಅದು ಕಾಯ್ದೆಯ ಪುಸ್ತಕದಲ್ಲೇ ಉಳಿಯುತ್ತದೆ.