ರೇಂಜು ಸಿಗುವ ತಿರುವು

ರಾತ್ರಿ ತಂಗಲು ಕ್ಯಾಂಪರ್‌ವ್ಯಾನ್ ಎಲ್ಲಿ ನಿಲ್ಲಿಸುವುದು ಎಂಬ ಮಾತು ಬಂದಾಗ ನಮ್ಮ ಮನೆಯಲ್ಲಿ ನೋಡುವುದು ಮೂರು ಸಂಗತಿ. ನೆಲ ಸಮ ಇರಬೇಕು. ಇಲ್ಲದಿದ್ದರೆ ಮಲಗಿದವರ ತಲೆ ಕೆಳಗಾಗುತ್ತದೆ, ಒಲೆಯ ಮೇಲಿನ ಸಾರು ಒಂದು ಬದಿಗೆ ವಾಲುತ್ತದೆ. ದಕ್ಷಿಣದ ಗಾಳಿಗೆ ಮರೆ ಇರಬೇಕು. ಅಂಟಾರ್ಟಿಕದ ಕಡೆಯಿಂದ ಬೀಸುವ ಆ ಗಾಳಿಗೆ ಜನವರಿಯ ನಡುಬೇಸಿಗೆಯಲ್ಲೂ ಕರುಣೆ ಎಂಬುದಿಲ್ಲ. ಮೂರನೆಯದು ಫೋನಿಗೆ ರೇಂಜು. ಮೊದಲೆರಡನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ, ಮೂರನೆಯದು ನನ್ನ ಪಾಲಿಗೆ ಬಂದ ಕೆಲಸ. ಗಾಳಿಗೆ ಮರೆ ಬೇಕೆಂದರೆ ಗುಡ್ಡದ ಮಗ್ಗುಲಿಗೆ ಸರಿಯಬೇಕು, ರೇಂಜು ಬೇಕೆಂದರೆ ಬಯಲಿಗೆ ಬರಬೇಕು. ನ್ಯೂಜಿಲೆಂಡಿನ ಒಟಾಗೋ ಸೀಮೆಯಲ್ಲಿ ಎರಡೂ ಒಟ್ಟಿಗೆ ಒದಗುವ ಜಾಗ ಸಿಕ್ಕಿತೆಂದರೆ ಆ ದಿನದ ಅರ್ಧ ಸುಖ ಅಲ್ಲೇ ಸಿಕ್ಕಿತು.

ನಾವಿರುವುದು ಡನೀಡಿನ್ನಿನಲ್ಲಿ. 1848ರಲ್ಲಿ ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದವರು ಕಟ್ಟಿದ ಊರು. ಜಗತ್ತಿನ ಅತಿ ಕಡಿದಾದ ಬೀದಿ ಎಂದು ಹೆಸರಾದ ಬಾಲ್ಡ್‌ವಿನ್ ಸ್ಟ್ರೀಟ್ ಇಲ್ಲಿದೆ, ಅದರ ಏರು ಹೆಚ್ಚುಕಡಿಮೆ ಶೇಕಡ 35. ಊರೆಂದರೆ ಏರು, ಇಳಿಜಾರು, ಮತ್ತೆ ಏರು. ಇಂಥ ಊರು 2014ರಲ್ಲಿ ಚೋರಸ್ ಕಂಪನಿ ನಡೆಸಿದ ಗಿಗಾಟೌನ್ ಸ್ಪರ್ಧೆ ಗೆದ್ದು, ಮನೆಮನೆಗೂ ಗಿಗಾಬಿಟ್ ವೇಗದ ಫೈಬರ್ ಸಂಪರ್ಕಕ್ಕೆ ಹೆಸರಾಯಿತು. ಊರಿನ ಬೆನ್ನಿಗೆ 676 ಮೀಟರ್ ಎತ್ತರದ ಮೌಂಟ್ ಕಾರ್ಗಿಲ್, ಅದರ ನೆತ್ತಿಯ ಮೇಲೆ ಟಿವಿ, ರೇಡಿಯೋ ಪ್ರಸಾರದ ಗೋಪುರ. ಮನೆಯೊಳಗೆ ಕೂತವರಿಗೆ ನೆಟ್‌ವರ್ಕ್ ಎಂಬುದರ ನೆನಪೇ ಆಗುವುದಿಲ್ಲ. ನೆನಪಾಗಬೇಕಾದರೆ ಊರು ಬಿಡಬೇಕು.

ಉತ್ತರಕ್ಕೆ ಹೊರಟು ಪಾಮರ್‌ಸ್ಟನ್ನಿನಲ್ಲಿ ಎಡಕ್ಕೆ ಹೊರಳಿದರೆ ಒಳನಾಡಿಗೆ ಹೋಗುವ 85ನೆಯ ಹೆದ್ದಾರಿ. ಇಲ್ಲಿಯವರು ಅದನ್ನು ಪಿಗ್‌ರೂಟ್ ಎನ್ನುತ್ತಾರೆ. 1860ರ ದಶಕದಲ್ಲಿ ಚಿನ್ನ ಹುಡುಕಿಕೊಂಡು ಹೋದವರು ನಡೆದ ದಾರಿ ಇದು. ಸಮುದ್ರ ಬೆನ್ನಿಗಾಗಿ ಷ್ಯಾಗ್ ಕಣಿವೆ ಎದುರಾಗುತ್ತಿದ್ದಂತೆ ಫೋನಿನ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಹಿಂದಿನ ಸೀಟಿನಲ್ಲಿ ಕೂತ ಮಗಳ ಹಾಡು ನಿಲ್ಲುತ್ತದೆ. ದಾರಿ ತೋರಿಸುವ ಮ್ಯಾಪ್ ಮಾತ್ರ ನಡೆಯುತ್ತಿರುತ್ತದೆ, ಅದನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟಿರುತ್ತೇವೆ.

ಈ ಕಣಿವೆಯಲ್ಲಿ ಫೋನು ಮೂಕವಾದಾಗಲೆಲ್ಲ ನನಗೆ ಫ್ರಾಂಕ್ ಬೆಲ್ ನೆನಪಾಗುತ್ತಾನೆ. ಮೊದಲ ಮಹಾಯುದ್ಧದಿಂದ ಆರೋಗ್ಯ ಕೆಡಿಸಿಕೊಂಡು ಮರಳಿದ ಈ ತರುಣ ಇಲ್ಲಿನ ತನ್ನ ಮನೆಯವರ ಕುರಿ ಸಾಕುವ ಎಸ್ಟೇಟಿನಲ್ಲಿ ತಾನೇ ರೇಡಿಯೋ ಯಂತ್ರ ಕಟ್ಟಿಕೊಂಡ. 1924ರ ಅಕ್ಟೋಬರ್ 18ರಂದು ಇದೇ ಕಣಿವೆಯಿಂದ ಅವನು ಕುಟ್ಟಿದ ಮೋರ್ಸ್ ಸಂಕೇತ ಲಂಡನ್ನಿನ ಮಿಲ್ ಹಿಲ್ ಶಾಲೆಗೆ ತಲುಪಿತು. ಅಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಸೆಸಿಲ್ ಗಾಯ್ಡರ್ ಎಂಬ ವಿದ್ಯಾರ್ಥಿ ಉತ್ತರಿಸಿದ. ನ್ಯೂಜಿಲೆಂಡಿಗೂ ಇಂಗ್ಲೆಂಡಿಗೂ ನಡುವೆ ನಡೆದ ಮೊದಲ ರೇಡಿಯೋ ಸಂವಾದ ಅದು. ಭೂಮಿಯ ಈ ಬದಿಗೂ ಆ ಬದಿಗೂ ಮಾತು, ಅದೂ ಕುರಿಗಳ ನಡುವಿನಿಂದ! ಮುಂದೆ ಫ್ರಾಂಕ್ ಬೇಸಾಯಕ್ಕೆ ಮರಳಿದಾಗ ಅವನ ಅಕ್ಕ-ತಂಗಿಯರ ಪೈಕಿ ಬ್ರೆಂಡಾ ಬೆಲ್ ಆ ಯಂತ್ರದ ಮುಂದೆ ಕೂತಳು. ನ್ಯೂಜಿಲೆಂಡಿನ ಮೊದಲ ಮಹಿಳಾ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಚಾಲಕಿ, ಎನಿಸಿ, 1927ರಲ್ಲಿ ದಕ್ಷಿಣ ಆಫ್ರಿಕಾದೊಡನೆ ಮಾತಾಡಿದಳು. ಇದಕ್ಕೂ ಮುಂಚೆ, 1921ರ ನವೆಂಬರ್ 17ರಂದು, ಡನೀಡಿನ್ನಿನಲ್ಲಿ ಒಟಾಗೋ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಜ್ಯಾಕ್ ಈ ದೇಶದ ಮೊದಲ ರೇಡಿಯೋ ಕಾರ್ಯಕ್ರಮ ಪ್ರಸಾರ ಮಾಡಿದ್ದರು. ನಾನು ಬದುಕುತ್ತಿರುವ ಸೀಮೆಗೆ ಇಂಥ ಚರಿತ್ರೆ ಇದೆ ಎಂದು ತಿಳಿದ ದಿನ ನನಗೆ ನಿಜವಾಗಿ ಹೆಮ್ಮೆ ಎನಿಸಿತು.

ನೂರು ವರ್ಷದ ಹಿಂದೆ ಲಂಡನ್ನಿಗೆ ಮುಟ್ಟಿದ್ದು ಈಗ ಮುಂದಿನ ಊರಿಗೂ ಮುಟ್ಟುವುದಿಲ್ಲವೇಕೆ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬೆಲ್ ಬಳಸಿದ ಅಲೆಗಳು ಮೇಲಕ್ಕೆ ಹೋಗಿ, ವಾತಾವರಣದ ಎತ್ತರದ ಪದರಕ್ಕೆ ತಾಗಿ, ಬಾಗಿ ಮತ್ತೆ ನೆಲಕ್ಕಿಳಿಯುವಂಥವು. ಅವಕ್ಕೆ ಗುಡ್ಡ ಲೆಕ್ಕಕ್ಕಿಲ್ಲ. ಮೊಬೈಲಿನ ಅಲೆಗಳು ಹಾಗಲ್ಲ, ಟವರಿಗೂ ಫೋನಿಗೂ ನಡುವೆ ನೇರ ದಾರಿ ಕೇಳುತ್ತವೆ. ಸಾಲದ್ದಕ್ಕೆ ಫೋನು ತಾನಾಗಿ ಹೊರಗೆ ಕಳಿಸುವ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್. ದೇವರ ಕೋಣೆಯ ಝೀರೋ ಬಲ್ಬಿಗೂ ಇದಕ್ಕಿಂತ ಹೆಚ್ಚು ಬೇಕು. ಅಷ್ಟನ್ನೂ ವ್ಯಾನಿನ ತಗಡಿನ ಮೈ ತಡೆದು ನಿಲ್ಲಿಸುತ್ತದೆ. ಹಾಗಾಗಿ ಹಾಟ್‌ಸ್ಪಾಟ್ ಹಾಕುವ ಫೋನಿಗೆ ನಮ್ಮ ವ್ಯಾನಿನಲ್ಲಿ ಗೊತ್ತಾದ ಜಾಗವಿದೆ: ಎದುರಿನ ಗಾಜಿಗೆ ಒರಗಿಸಿ, ಡ್ಯಾಶ್‌ಬೋರ್ಡಿನ ಮೇಲೆ, ಚಾರ್ಜರಿನ ವೈರು ಸಿಕ್ಕಿಸಿ. ಉಳಿದ ಫೋನು, ಲ್ಯಾಪ್‌ಟಾಪ್ ಎಲ್ಲ ಅದರಿಂದಲೇ ಪಡೆಯುತ್ತವೆ. ವರ್ಷವಿಡೀ ವ್ಯಾನಿನಲ್ಲೇ ಬಾಳುವವರು ಚಾವಣಿಯ ಮೇಲೆ ಆಂಟೆನಾ ನಿಲ್ಲಿಸಿ, ಒಳಗೆ ಸಿಮ್ ಹಾಕುವ ರೌಟರ್ ಇಟ್ಟುಕೊಂಡಿರುತ್ತಾರೆ.

ಅಲೆಗಳಲ್ಲೂ ಗುಡ್ಡಗಾಡಿಗೆ ಒಗ್ಗುವಂಥವು, ಒಗ್ಗದಂಥವು ಎಂದು ಉಂಟು. ಉದ್ದನೆಯ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚನ್ನು ಒಂದಿಷ್ಟು ಬಳಸಿಕೊಂಡೂ ಬರುತ್ತದೆ, ಮರಗಿಡಗಳಿಗೆ ಅಷ್ಟಾಗಿ ಸೋಲುವುದಿಲ್ಲ. 2013ರ ಡಿಸೆಂಬರಿನಲ್ಲಿ ಇಲ್ಲಿ ಹಳೆಯ ಬಗೆಯ ಟಿವಿ ಪ್ರಸಾರ ಪೂರ್ತಿ ನಿಂತಿತು. ಅದರಿಂದ ತೆರವಾದ 700 ಮೆಗಾಹರ್ಟ್ಸ್ ಪಟ್ಟಿಯನ್ನು ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿದರು. ಹಳ್ಳಿಗಾಡಿನ 4ಜಿ ಬಹುಮಟ್ಟಿಗೆ ನಿಂತಿರುವುದು ಇದರ ಮೇಲೆ. ಫೋನಿನ ವಿವರಗಳಲ್ಲಿ ಇದನ್ನು ಬ್ಯಾಂಡ್ 28 ಎಂದು ಬರೆದಿರುತ್ತಾರೆ. ಭಾರತದಲ್ಲಿ ಕೊಂಡ ಹಳೆಯ ಫೋನುಗಳಲ್ಲಿ ಎಷ್ಟೋ ಸಲ ಈ ಬ್ಯಾಂಡ್ ಇರುವುದಿಲ್ಲ. ಪಕ್ಕದವರಿಗೆ ಎರಡು ಕಡ್ಡಿ ಸಿಗುವಲ್ಲಿ ಊರಿಂದ ಬಂದ ನೆಂಟರಿಗೆ ಒಂದೂ ಸಿಗದಿದ್ದರೆ ಕಾರಣ ಬಹುಶಃ ಇದೇ.

ಇಷ್ಟೆಲ್ಲ ಪರದಾಟ ಯಾಕೆಂದರೆ ಅಮ್ಮನಿಗಾಗಿ. ಅಮ್ಮ ಇರುವುದು ಸುಳ್ಯ ತಾಲ್ಲೂಕಿನಲ್ಲಿ, ಅಡಿಕೆ ತೋಟದ ತಗ್ಗಿನ ಮನೆಯಲ್ಲಿ. ಅಲ್ಲೂ ಮನೆಯೊಳಗೆ ರೇಂಜಿಲ್ಲ. ಅಡಿಕೆ ಒಣಹಾಕುವ ಅಂಗಳದ ತುದಿಗೆ, ತುಳಸಿಕಟ್ಟೆಯ ಆಚೆ ಮೂರು ಮಾರು ಜಾಗದಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಇಲ್ಲಿಯ ಗಡಿಯಾರ ಅಲ್ಲಿಗಿಂತ ಏಳೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಆರೂವರೆ ಗಂಟೆ. ಅಮ್ಮ ಅಡುಗೆ ಮುಗಿಸಿ ಹನ್ನೆರಡೂವರೆಗೆ ಅಂಗಳಕ್ಕೆ ಬರುವ ಹೊತ್ತಿಗೆ ನಮಗಿಲ್ಲಿ ಬೇಸಿಗೆಯ ರಾತ್ರಿ ಎಂಟು. ಸೂರ್ಯ ಮುಳುಗಲು ಇನ್ನೂ ಗಂಟೆಯ ಮೇಲೆ ಬಾಕಿ. ಪಿಗ್‌ರೂಟ್ ದಾಟಿ ಮಾನಿಯೊಟೊಟೊ ಬಯಲಿಗೆ ಇಳಿದು ರಾನ್‌ಫರ್ಲಿಯ ಹತ್ತಿರ ಬಂದರೆ ಕಡ್ಡಿಗಳು ಮರಳುತ್ತವೆ. ಅಲ್ಲಿ ಬದಿಗೆ ನಿಲ್ಲಿಸಿ ಕರೆ ಮಾಡುತ್ತೇವೆ.

"ಈಗ ಸರಿ ಕಾಣ್ತದೆ. ಅಲ್ಲಾಡ್ಬೇಡ ಮಾರಾಯ."

"ನಾನಲ್ಲಮ್ಮ, ನೀನು ಕಟ್ಟೆ ಬದಿಗೆ ಒಂಚೂರು ಬಾ."

"ಅದೆಂತ ಅಷ್ಟು ಬೆಳಕು, ರಾತ್ರಿ ಹೇಳಿದ್ದಲ್ವ ನೀನು?"

ಫೋನನ್ನು ತಿರುಗಿಸಿ ಹಾಕ್‌ಡನ್ ಬೆಟ್ಟಸಾಲನ್ನು ತೋರಿಸುತ್ತೇನೆ. ಮೇಜಿನಂತೆ ಒಂದೇ ಮಟ್ಟದಲ್ಲಿ ಚಾಚಿದ ಅದರ ಮೇಲಂಚು, ಕೆಳಗೆ ಒಣಹುಲ್ಲಿನ ಬಯಲು, ಸಂಜೆಬಿಸಿಲು. ಅಮ್ಮನಿಗೆ ಬೆಟ್ಟಕ್ಕಿಂತ ವ್ಯಾನಿನ ಒಲೆಯ ಮೇಲೆ ಆಸಕ್ತಿ ಹೆಚ್ಚು. ಎಂತ ಅಡುಗೆ, ನೀರು ಎಲ್ಲಿಂದ, ಗ್ಯಾಸು ಮುಗಿದರೆ ಏನು ಗತಿ ಎಂದೆಲ್ಲ ವಿಚಾರಿಸುತ್ತಾಳೆ. ಮಗಳು ಟ್ಯಾಂಕು, ಸಿಂಕು, ಸೀಟಿನಡಿಯ ಪೆಟ್ಟಿಗೆಯಲ್ಲಿಟ್ಟ ಅಕ್ಕಿ ಎಲ್ಲವನ್ನೂ ಒಂದೊಂದಾಗಿ ತೋರಿಸುತ್ತಾಳೆ. ಅಷ್ಟಾಗುವಾಗ ಎರಡು ಕಡೆಯಲ್ಲಿ ಒಂದು ಕಡೆಯ ರೇಂಜು ಹೋಗಿರುತ್ತದೆ.

ಸುಳ್ಯ ಎಂದಾಗ 2021ರ ಮಳೆಗಾಲದ ಆ ಫೋಟೋ ನಿಮಗೂ ನೆನಪಿರಬಹುದು. ಗುತ್ತಿಗಾರಿನ ಕಡೆಯ ಬಳ್ಳಕದಲ್ಲಿ ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿ, ಮಳೆಗೆ ಅವಳ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಇಡೀ ದೇಶ ನೋಡಿದ ಚಿತ್ರ ಅದು. ನಾವು ರೇಂಜು ಹುಡುಕುವುದು ರಜೆಯ ಖುಷಿಗೆ, ಬೇಡವೆನಿಸಿದರೆ ಫೋನು ಮುಚ್ಚಿಟ್ಟು ನಕ್ಷತ್ರ ನೋಡಬಹುದು. ಆ ಹುಡುಗಿಗೆ ರೇಂಜು ಎಂದರೆ ಶಾಲೆಯೇ ಆಗಿತ್ತು. ಇದನ್ನು ಮರೆತು ನೆಟ್‌ವರ್ಕ್ ಇಲ್ಲದ ಊರಿನ ನೆಮ್ಮದಿಯ ಬಗ್ಗೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಸ್ತೆ, ಕುಡಿಯುವ ನೀರು, ಅಂಚೆ ಇವುಗಳ ಸಾಲಿಗೆ ರೇಂಜನ್ನೂ ಸೇರಿಸಬೇಕು. ಅದು ಎಲ್ಲರಿಗೂ ಸಲ್ಲಬೇಕಾದದ್ದು.

ಈ ದೇಶದಲ್ಲಿ ನನಗೆ ಮೆಚ್ಚುಗೆಯಾದದ್ದು ಊರೂರಿನ ಗ್ರಂಥಾಲಯ. 2007ರಲ್ಲಿ ಶುರುವಾದ ಪೀಪಲ್ಸ್ ನೆಟ್‌ವರ್ಕ್ ಎಂಬ ಯೋಜನೆಯಡಿ ಚಿಕ್ಕ ಚಿಕ್ಕ ಊರುಗಳ ಗ್ರಂಥಾಲಯಗಳಲ್ಲೂ ಪುಕ್ಕಟೆ ವೈಫೈ ಬಂತು. ಬಾಗಿಲು ಹಾಕಿದ ಮೇಲೂ ಎಷ್ಟೋ ಕಡೆ ಅದು ಸಿಗುತ್ತದೆ. ಸಂಜೆ ಹೊತ್ತಿಗೆ ಗ್ರಂಥಾಲಯದ ಗೋಡೆಯ ಪಕ್ಕ ವ್ಯಾನುಗಳು ಸಾಲಾಗಿ ನಿಂತಿರುವುದನ್ನು ಕಾಣಬಹುದು. ಜರ್ಮನಿಯ ಹುಡುಗರು, ನಿವೃತ್ತ ದಂಪತಿಗಳು, ಹಣ್ಣು ಕೀಳುವ ಕೆಲಸಕ್ಕೆ ಬಂದವರು ಎಲ್ಲರೂ ಇರುತ್ತಾರೆ. ಒಬ್ಬರು ಬ್ಯಾಂಕಿನ ಕೆಲಸ ಮುಗಿಸುತ್ತಿದ್ದರೆ ಇನ್ನೊಬ್ಬರು ಮೊಮ್ಮಗುವಿನ ಜತೆ ಮಾತಾಡುತ್ತಿರುತ್ತಾರೆ. ಒಳಗೆ ಹೋಗಿ ಕೂತರೆ ಕೈಗೆ ಪುಸ್ತಕವೂ ಬರುತ್ತದೆ. ಡನೀಡಿನ್ನಿನ ಸಾರ್ವಜನಿಕ ಗ್ರಂಥಾಲಯ 1908ರಲ್ಲಿ ಕಾರ್ನೆಗಿ ಎಂಬ ಉದ್ಯಮಿಯ ದಾನದ ಹಣದಿಂದ ತೆರೆದದ್ದು. ನಮ್ಮ ಕರ್ನಾಟಕದಲ್ಲೂ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳಲ್ಲಿ ಪ್ರತಿಯೊಂದರ ಜಗಲಿಯಲ್ಲೂ ರಾತ್ರಿ ಹತ್ತರವರೆಗೆ ವೈಫೈ ಸಿಕ್ಕರೆ ಎಷ್ಟು ಮಕ್ಕಳಿಗೆ ಅನುಕೂಲವಾದೀತು ಎಂದು ಇಲ್ಲಿ ಕೂತು ಲೆಕ್ಕ ಹಾಕುತ್ತಿರುತ್ತೇನೆ.

ಟವರಿನ ಮಾತೂ ಹಾಗೆಯೇ. ನ್ಯೂಜಿಲೆಂಡ್ ವಿಸ್ತಾರದಲ್ಲಿ ಕರ್ನಾಟಕಕ್ಕಿಂತ ದೊಡ್ಡದು, ಜನ ಮಾತ್ರ ಐವತ್ತು ಲಕ್ಷದ ಆಸುಪಾಸು. ಐದು ಮನೆಯ ಕಣಿವೆಗೆ ಟವರ್ ಹಾಕಿದರೆ ಯಾವ ಕಂಪನಿಗೂ ಗಿಟ್ಟುವುದಿಲ್ಲ. ಅದಕ್ಕೆ ಇಲ್ಲಿನ ಮೂರು ಮೊಬೈಲ್ ಕಂಪನಿಗಳು ಸೇರಿ ರೂರಲ್ ಕನೆಕ್ಟಿವಿಟಿ ಗ್ರೂಪ್ ಎಂಬ ಸಂಸ್ಥೆ ಕಟ್ಟಿದವು. 2017ರಲ್ಲಿ ಸರ್ಕಾರವೂ ಜತೆಗೂಡಿತು. ಒಂದೇ ಟವರು, ಮೂರೂ ಕಂಪನಿಯ ಸಿಮ್ಮಿಗೆ ರೇಂಜು. ಹೆದ್ದಾರಿಯಲ್ಲಿ ರೇಂಜಿಲ್ಲದ ಜಾಗಗಳನ್ನು ಒಂದೊಂದಾಗಿ ತುಂಬುತ್ತ ಬಂದಿದ್ದಾರೆ. ನಮ್ಮ ಪಶ್ಚಿಮ ಘಟ್ಟದ ಊರುಗಳಿಗೂ ಇದಕ್ಕಿಂತ ಹೊಂದುವ ಉಪಾಯ ನನಗೆ ಕಾಣದು.

ಈಚೆಗೆ ಉಪಗ್ರಹದ ದಾರಿಯೂ ತೆರೆದಿದೆ. ವ್ಯಾನಿನ ಪಕ್ಕ ಸ್ಟಾರ್‌ಲಿಂಕ್ ತಟ್ಟೆ ಇಟ್ಟುಕೊಂಡವರು ಕ್ಯಾಂಪಿನಲ್ಲಿ ಕಾಣಸಿಗುತ್ತಾರೆ. 2024ರ ಡಿಸೆಂಬರಿನಿಂದ ಒನ್ ಎನ್‌ಜೆಡ್ ಕಂಪನಿಯ ಗ್ರಾಹಕರಲ್ಲಿ ತಕ್ಕ ಫೋನಿದ್ದವರು ಟವರಿಲ್ಲದಲ್ಲೂ ಉಪಗ್ರಹದ ಮೂಲಕ ಮೆಸೇಜ್ ಕಳಿಸಬಹುದು. ಆದರೂ ಕಾಡು ಹೊಗುವವರು ಫೋನನ್ನು ನೆಚ್ಚಬಾರದು, ತುರ್ತಿಗೆಂದೇ ಇರುವ ಲೊಕೇಟರ್ ಬೀಕನ್ ಬಾಡಿಗೆಗೂ ಸಿಗುತ್ತದೆ. ಇಲ್ಲಿನ ತುರ್ತು ಸಂಖ್ಯೆ 111. 1958ರಲ್ಲಿ ಮಾಸ್ಟರ್‌ಟನ್ ಎಂಬ ಊರಿನಲ್ಲಿ ಅದು ಶುರುವಾಯಿತು. ಇಲ್ಲಿಯ ಹಳೆಯ ಡಯಲ್ ಫೋನುಗಳಲ್ಲಿ ಅಂಕಿಗಳು ಬ್ರಿಟನ್ನಿಗೆ ತಿರುವುಮುರುವು ಇದ್ದವು. ಇಲ್ಲಿ ಒಂದನ್ನು ತಿರುಗಿಸಿದರೆ ತಂತಿಯಲ್ಲಿ ಹೋಗುತ್ತಿದ್ದದ್ದು ಒಂಬತ್ತು ಮಿಡಿತ. ಅಲ್ಲಿಯ 999 ಇಲ್ಲಿ 111 ಆದದ್ದು ಹೀಗೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಚಿಕ್ಕಮ್ಮನ ಮಗ ಜನವರಿಯಲ್ಲಿ ಬರುತ್ತಿದ್ದಾನೆ. "ಅಣ್ಣ, ವ್ಯಾನಿನಲ್ಲೇ ಕೂತು ಆಫೀಸಿನ ಕೆಲಸ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದ್ದ. ಆಗುತ್ತದೆ ಎಂದು ಬರೆದಿದ್ದೇನೆ. ಫೋನಿನಲ್ಲಿ ಬ್ಯಾಂಡ್ 28 ಇದೆಯೇ ನೋಡಿಕೊಂಡು ಬಾ. ಸಿಮ್ ಇಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಆದರೆ ಡೇಟಾ ಊರಿನಷ್ಟು ಅಗ್ಗವಲ್ಲ, ಹಾಟ್‌ಸ್ಪಾಟಿಗೆ ಮಿತಿ ಇದೆಯೇ ಎಂದು ಕೊಳ್ಳುವಾಗಲೇ ಕೇಳಿಕೋ. ನಿನ್ನ ಬೆಳಗ್ಗೆ ಹತ್ತರ ಮೀಟಿಂಗು ಇಲ್ಲಿಯ ಸಂಜೆ ಐದೂವರೆಗೆ ಬರುತ್ತದೆ, ಆ ಹೊತ್ತಿಗೆ ಅಲೆಕ್ಸಾಂಡ್ರದಂಥ ಊರು ಸೇರಿಕೊಂಡಿರೋಣ. ಕ್ಯಾಟ್ಲಿನ್ಸ್ ಕರಾವಳಿಗೆ ಹೋಗುವ ದಿನಗಳಿಗೆ ಮಾತ್ರ ರಜೆ ಹಾಕು, ಅಲ್ಲಿ ಕಾಡು, ಕಡಲು ಎರಡೂ ಇವೆ, ರೇಂಜು ಅಪರೂಪ. ಹೊರಡುವ ಮುಂಚೆ ಚಿಕ್ಕಮ್ಮನಿಗೆ ಯಾವ ದಿನ ಫೋನು ಸಿಗುವುದಿಲ್ಲ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಟ್ಟು ಬಾ. ನಮ್ಮಮ್ಮನಿಗೆ ನಾನೇ ಹೇಳುತ್ತೇನೆ.